ಸಾಕ್ಷಿ ಹೇಳಿದ ತಮ್ಮ ಮತ್ತೆ ಕುಡಿದಿದ್ದಾನೆ: ಅವನ ಬಿಡುಗಡೆ ಸುಳ್ಳಾಗಿತ್ತೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಹನ್ನೆರಡು ವರ್ಷಗಳಿಂದ ಕುಡಿಯುತ್ತಿದ್ದ. ಕಡೆಯ ನಾಲ್ಕು ವರ್ಷಗಳಲ್ಲಂತೂ ಬೆಳಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುತ್ತಿತ್ತು. ಏಳು ತಿಂಗಳ ಹಿಂದೆ ಮೂರು ದಿನಗಳ ಉಪವಾಸ ಪ್ರಾರ್ಥನಾ ಕೂಟಕ್ಕೆ ಹೋದವನು ಯೇಸುವನ್ನು ಅಂಗೀಕರಿಸಿ, ಇನ್ನು ಕುಡಿಯುವುದಿಲ್ಲವೆಂದು ಎಲ್ಲರೆದುರು ಸಾಕ್ಷಿ ಹೇಳಿದ. ಕೂಟದ ಮೂರನೆಯ ರಾತ್ರಿ ಮೈಯೆಲ್ಲ ಬೆವರಿ, ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆ ಎಂದು ಕೂಗಾಡಿದನಂತೆ. ನನ್ನ ಹೆಸರೂ ಅವನಿಗೆ ನೆನಪಿರಲಿಲ್ಲ. ದುರಾತ್ಮ ಬಿಟ್ಟುಹೋಗುತ್ತಿದೆ ಎಂದು ಅಲ್ಲಿದ್ದವರು ಸುತ್ತ ನಿಂತು ಪ್ರಾರ್ಥಿಸಿದರು. ಹೇಗೋ ಚೇತರಿಸಿಕೊಂಡ. ಆಮೇಲೆ ಆರು ತಿಂಗಳು ಒಂದು ತೊಟ್ಟನ್ನೂ ಮುಟ್ಟಲಿಲ್ಲ. ಕಳೆದ ತಿಂಗಳು ಕೆಲಸ ಹೋಯಿತು, ಮತ್ತೆ ಶುರುವಾಯಿತು, ಈಗ ದಿನವೂ ಕುಡಿಯುತ್ತಾನೆ. ‘ದೇವರು ನನ್ನನ್ನು ಬಿಡಿಸಲೇ ಇಲ್ಲ, ನಾನು ಎಲ್ಲರೆದುರು ಸುಳ್ಳು ಹೇಳಿದೆ’ ಎಂದು ಸಭೆಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಮಾತ್ರೆ ನುಂಗುವುದು ಅಪನಂಬಿಕೆ, ಇನ್ನೊಮ್ಮೆ ಉಪವಾಸ ಪ್ರಾರ್ಥನೆಗೆ ಕರೆತನ್ನಿ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಕ್ರೈಸ್ತ ಪುನರ್ವಸತಿ ಮನೆಯೊಂದರಲ್ಲಿ ಒಂದು ವರ್ಷ ಬಿಡಿ ಎಂದು ಮತ್ತೊಬ್ಬರು ಹೇಳುತ್ತಾರೆ. ಅಮ್ಮನಿಗೆ ಯಾರೋ ಊಟದಲ್ಲಿ ಗುಟ್ಟಾಗಿ ಕಲಸಿ ಕೊಡುವ ಮಾತ್ರೆಯ ವಿಷಯ ತಿಳಿಸಿದ್ದಾರೆ. ನಾನು ವಿಶ್ವಾಸಿ. ಆದರೆ ಯಾರ ಮಾತನ್ನು ನಂಬಬೇಕೋ ತಿಳಿಯುತ್ತಿಲ್ಲ.

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ತಳದಲ್ಲಿರುವ ಭಯ ಒಂದೇ ಎಂದು ನನಗೆ ತೋರುತ್ತದೆ. ಆ ದಿನ ತಮ್ಮನಿಗೆ ಆದದ್ದು ನಿಜವಾದ ಬಿಡುಗಡೆಯೇ ಆಗಿದ್ದರೆ ಅವರು ಮತ್ತೆ ಕುಡಿದದ್ದು ಹೇಗೆ, ಮತ್ತೆ ಕುಡಿದದ್ದು ನಿಜವಾದರೆ ಆ ದಿನದ್ದು ಬರೀ ಭಾವಾವೇಶವಾಗಿತ್ತೇ ಎಂಬುದು ನಿಮ್ಮನ್ನು ಕಾಡುತ್ತಿದೆ. ಇಪ್ಪತ್ತಮೂರು ವರ್ಷಗಳಿಂದ ವ್ಯಸನದ ಚಿಕಿತ್ಸೆಯನ್ನೇ ಮಾಡಿಕೊಂಡು ಬಂದಿರುವ ಮನೋವೈದ್ಯನಾಗಿ, ಭಾನುವಾರದ ಆರಾಧನೆಯನ್ನು ಬಿಡದ ವಿಶ್ವಾಸಿಯಾಗಿ ನಾನು ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ಅನೇಕ ಸಲ ಕೇಳಿಸಿಕೊಂಡಿದ್ದೇನೆ.

ಬೇರೆಲ್ಲಕ್ಕಿಂತ ಮೊದಲು ಒಂದು ತುರ್ತಿನ ಮಾತು. ನಿಮ್ಮ ತಮ್ಮ ಈಗ ದಿನವೂ ಕುಡಿಯುತ್ತಿರುವುದರಿಂದ ಮನೆಯಲ್ಲಾಗಲಿ, ಪ್ರಾರ್ಥನಾ ಕೂಟದಲ್ಲಾಗಲಿ, ವೈದ್ಯರ ನಿಗಾ ಇಲ್ಲದೆ ಒಮ್ಮೆಲೇ ಕುಡಿತವನ್ನು ನಿಲ್ಲಿಸಬಾರದು. ಉಪವಾಸವಿದ್ದುಕೊಂಡಂತೂ ನಿಲ್ಲಿಸಲೇಬಾರದು. ಕುಡಿಯುತ್ತಲೇ ಇರಲಿ ಎಂದು ಇದರ ಅರ್ಥವಲ್ಲ. ನಿಲ್ಲಿಸುವ ಮೊದಲ ಐದಾರು ದಿನಗಳು ಆಸ್ಪತ್ರೆಯಲ್ಲಿ ಕಳೆಯಬೇಕು ಎಂಬುದಷ್ಟೇ ನನ್ನ ಮಾತು. ಏಳು ತಿಂಗಳ ಹಿಂದಿನ ಆ ಮೂರನೆಯ ರಾತ್ರಿಯ ವಿವರವನ್ನು ಓದುವಾಗ ನನಗೆ ಎದೆ ಝಲ್ಲೆಂದಿತು, ಏಕೆಂದರೆ ಅಂದು ಅವರು ಸಾವಿನ ಬಹಳ ಹತ್ತಿರಕ್ಕೆ ಹೋಗಿ ಬಂದಿದ್ದಾರೆ.

ಆ ರಾತ್ರಿ ನಡೆದದ್ದೇನೆಂದು ಹೇಳುತ್ತೇನೆ. ಮದ್ಯವು ಮಿದುಳಿನ ವೇಗವನ್ನು ತಗ್ಗಿಸುವ ವಸ್ತು. ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಅದು ಹೆಚ್ಚಿಸುತ್ತದೆ, ಉದ್ರೇಕಿಸುವ ಗ್ಲುಟಮೇಟ್ ಅನ್ನು ಅದುಮಿಡುತ್ತದೆ. ವರ್ಷಗಟ್ಟಲೆ ದಿನವೂ ಹೀಗಾದಾಗ ಮಿದುಳು ತನ್ನ ಸಮತೋಲವನ್ನು ಉಳಿಸಿಕೊಳ್ಳಲು ಎದುರು ದಿಕ್ಕಿಗೆ ಎಳೆಯುವುದನ್ನು ಕಲಿತುಬಿಡುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಿನವರು ಒಮ್ಮೆಲೇ ಹಗ್ಗ ಬಿಟ್ಟುಬಿಟ್ಟರೆ ಈ ಕಡೆ ಎಳೆಯುತ್ತಿದ್ದವರು ಹೇಗೆ ಹಿಂದಕ್ಕೆ ಬೀಳುತ್ತಾರೋ, ಕುಡಿತ ತಟ್ಟನೆ ನಿಂತಾಗ ಮಿದುಳಿನ ಸ್ಥಿತಿಯೂ ಹಾಗೆಯೇ ಆಗುತ್ತದೆ. ಕೊನೆಯ ಗುಟುಕಿನ ಆರೆಂಟು ಗಂಟೆಗಳಲ್ಲಿ ನಡುಕ, ಬೆವರು, ವಾಂತಿ, ತಳಮಳ ಆರಂಭವಾಗುತ್ತವೆ. 6ರಿಂದ 48 ಗಂಟೆಗಳ ನಡುವೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಗಳ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಬರುತ್ತದೆ. ಅದರಲ್ಲಿ ಜ್ವರ ಏರುತ್ತದೆ, ನಾಡಿ ಓಡುತ್ತದೆ, ಇರುವ ಸ್ಥಳ, ಎದುರಿಗಿರುವ ಜನ ಗುರುತು ಸಿಗುವುದಿಲ್ಲ, ಇಲ್ಲದ ಹುಳುಹುಪ್ಪಟೆಗಳು ಕಣ್ಣಿಗೆ ಕಾಣುತ್ತವೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯಬಲ್ಲದು. ನಿಮ್ಮ ತಮ್ಮನಿಗೆ ಅಕ್ಕನ ಹೆಸರು ಮರೆತದ್ದು, ಗೋಡೆಯ ಮೇಲೆ ಹುಳು ಕಂಡದ್ದು, ಅದೂ ಮೂರನೆಯ ರಾತ್ರಿಯೇ ಆದದ್ದು, ಇವೆಲ್ಲವೂ ಆ ಚಿತ್ರಕ್ಕೆ ಹೊಂದುತ್ತವೆ.

ಇದಕ್ಕೆ ಉಪವಾಸವೂ ಸೇರಿದಾಗ ಅಪಾಯ ಹೆಚ್ಚುತ್ತದೆ. ಬಹುಕಾಲ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಮೊದಲೇ ತಳ ಕಂಡಿರುತ್ತದೆ. ಊಟವನ್ನೂ ಬಿಟ್ಟರೆ ಆ ಕೊರತೆ ಇನ್ನಷ್ಟು ಆಳವಾಗಿ ವರ್ನಿಕೆ ಎನ್ಸೆಫಲೋಪತಿ ಎಂಬ ಮಿದುಳಿನ ಕಾಯಿಲೆ ಬರಬಹುದು. ಗೊಂದಲ, ಕಣ್ಣಿನ ಚಲನೆಯ ತೊಂದರೆ, ನಡೆಯುವಾಗ ತೂರಾಡುವುದು ಅದರ ಗುರುತುಗಳು. ಸಕಾಲಕ್ಕೆ ಥಯಾಮಿನ್ ಚುಚ್ಚುಮದ್ದು ಕೊಡದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಇನ್ನೊಂದು ವಿಷಯವೂ ಇದೆ: ಬಿಟ್ಟು ಹಿಡಿದು, ಮತ್ತೆ ಬಿಟ್ಟು ಮಾಡಿದವರಲ್ಲಿ ವಿತ್‌ಡ್ರಾವಲ್ ಲಕ್ಷಣಗಳು, ಅಂದರೆ ಕುಡಿತ ನಿಂತಾಗ ಕಾಣುವ ಈ ತೊಂದರೆಗಳು, ಪ್ರತಿ ಸಲವೂ ಹಿಂದಿನದಕ್ಕಿಂತ ತೀವ್ರವಾಗುವ ಸಂಭವವಿದೆ. ಕಳೆದ ಸಲ ಹೇಗೋ ಉಳಿದರು ಎಂಬುದನ್ನು ಈ ಸಲದ ಧೈರ್ಯಕ್ಕೆ ಆಧಾರ ಮಾಡಿಕೊಳ್ಳಬೇಡಿ.

ಹಾಗಾದರೆ ಅದು ದುರಾತ್ಮವಲ್ಲವೇ ಎಂದು ನಿಮ್ಮ ಹಿರಿಯರು ಕೇಳಬಹುದು. ಅವರೊಡನೆ ವಾದಕ್ಕೆ ಇಳಿಯುವ ಅಗತ್ಯವಿಲ್ಲ. ಸುವಾರ್ತೆಯನ್ನೇ ಮುಂದಿಟ್ಟು ಮಾತನಾಡಬಹುದು. ಮತ್ತಾಯನು ನಾಲ್ಕನೆಯ ಅಧ್ಯಾಯದಲ್ಲಿ ಯೇಸುವಿನ ಬಳಿಗೆ ಕರೆತಂದವರನ್ನು ಹೆಸರಿಸುವಾಗ ದೆವ್ವ ಹಿಡಿದವರನ್ನು ಬೇರೆಯಾಗಿ, ಮೂರ್ಛಾರೋಗಿಗಳನ್ನು ಬೇರೆಯಾಗಿ, ಪಾರ್ಶ್ವವಾಯು ಪೀಡಿತರನ್ನು ಬೇರೆಯಾಗಿ ಹೇಳುತ್ತಾನೆ. ಎಲ್ಲ ನರಳಾಟವೂ ಒಂದೇ ಮೂಲದ್ದಲ್ಲ ಎಂಬುದು ಆ ಕಾಲದಲ್ಲೇ ತಿಳಿದಿತ್ತು. ಪೌಲನ ಜೊತೆಗಾರನಾದ ಲೂಕನನ್ನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಪ್ರಿಯ ವೈದ್ಯನೆಂದೇ ಕರೆಯಲಾಗಿದೆ, ಮತ್ತು ವೈದ್ಯನು ಬೇಕಾಗಿರುವುದು ಕ್ಷೇಮದಲ್ಲಿರುವವರಿಗಲ್ಲ, ರೋಗಿಗಳಿಗೆ ಎಂದು ಯೇಸುವೇ ಹೇಳಿದ್ದಾನೆ. ವೈದ್ಯನ ಅಗತ್ಯವನ್ನು ಅವಮಾನವೆಂದು ಭಾವಿಸಿದ್ದರೆ ಆ ಹೋಲಿಕೆ ಅವನ ಬಾಯಲ್ಲಿ ಬರುತ್ತಿರಲಿಲ್ಲ.

ಈಗ ನಿಮ್ಮ ಮುಖ್ಯ ಭಯಕ್ಕೆ ಬರುತ್ತೇನೆ. ನಂಬಿಕೆಗೆ ಬಂದ ದಿನದಿಂದಲೇ ಕುಡಿಯುವ ಆಸೆ ಬೇರು ಸಹಿತ ಹೋಯಿತು ಎಂದು ಹೇಳುವವರನ್ನು ನಾನು ಕಂಡಿದ್ದೇನೆ, ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ರೀತಿ ಪ್ರಾಮಾಣಿಕವಾಗಿ ನಂಬಿದ, ಅದೇ ರೀತಿ ಅತ್ತು ಪ್ರಾರ್ಥಿಸಿದ ಬಹಳಷ್ಟು ಮಂದಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಸೆಯೊಡನೆ ಸೆಣಸುತ್ತಲೇ ಬಿಟ್ಟಿದ್ದಾರೆ. ಯಾರಿಗೆ ಮೊದಲನೆಯ ರೀತಿ, ಯಾರಿಗೆ ಎರಡನೆಯ ರೀತಿ ಎಂದು ಮುಂಗಡವಾಗಿ ಹೇಳುವ ಯಾವ ಪರೀಕ್ಷೆಯೂ ನನ್ನಲ್ಲಿಲ್ಲ, ಯಾವ ಪಾಸ್ಟರ್‌ಗಳಲ್ಲೂ ಇಲ್ಲ. ಬೇತ್ಸಾಯಿದದ ಕುರುಡನಿಗೆ ಮೊದಲ ಸಲ ಕೈಯಿಟ್ಟಾಗ ಮನುಷ್ಯರು ನಡೆದಾಡುವ ಮರಗಳಂತೆ ಕಂಡರು. ಯೇಸು ಎರಡನೆಯ ಸಲ ಕೈಯಿಟ್ಟ ಮೇಲೆಯೇ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣಿಸಿತು. ಮೊದಲ ಸಲದ್ದು ಸುಳ್ಳಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಲಾಜರನ ಸಂಗತಿ ನನ್ನ ವೃತ್ತಿಗೆ ಇನ್ನೂ ಹತ್ತಿರದ್ದು. ಸಮಾಧಿಯೊಳಗಿಂದ ಅವನನ್ನು ಕರೆದು ಜೀವ ಕೊಟ್ಟವನು ಯೇಸು, ಆದರೆ ಹೊರಬಂದವನ ಕೈಕಾಲುಗಳಿಗೆ ಇನ್ನೂ ಬಟ್ಟೆ ಸುತ್ತಿಕೊಂಡಿತ್ತು, ಅದನ್ನು ಬಿಚ್ಚುವ ಕೆಲಸವನ್ನು ಯೇಸು ಸುತ್ತ ನಿಂತಿದ್ದವರಿಗೆ ಒಪ್ಪಿಸಿದ. ವ್ಯಸನದಿಂದ ಬಿಡುಗಡೆ ಎಂಬುದನ್ನು ನಾನು ಹೀಗೆಯೇ ಅರ್ಥ ಮಾಡಿಕೊಂಡಿದ್ದೇನೆ: ಕರೆ ಒಂದು ಕ್ಷಣದಲ್ಲಿ ಬರಬಹುದು, ಆದರೆ ಹನ್ನೆರಡು ವರ್ಷಗಳಲ್ಲಿ ದೇಹಕ್ಕೆ, ಮಿದುಳಿಗೆ, ದಿನಚರಿಗೆ ಸುತ್ತಿಕೊಂಡ ಕಟ್ಟುಗಳನ್ನು ಬಿಚ್ಚಲು ಬೇರೆಯವರ ಕೈಗಳು ಬೇಕು, ಕಾಲವೂ ಬೇಕು.

ಆ ಕಟ್ಟುಗಳು ಎಂಥವು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಬಳಿ ಚಿಕಿತ್ಸೆಗೆ ಬರುತ್ತಿದ್ದ ಒಬ್ಬರು ಹನ್ನೊಂದು ವರ್ಷಗಳ ಕಾಲ ಸಂಜೆ ಕೆಲಸದಿಂದ ಬಂದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಬೂಟಿನ ಲೇಸು ಬಿಚ್ಚಿದ ಕೂಡಲೇ ಮೊದಲ ಗ್ಲಾಸು ತೆಗೆದುಕೊಳ್ಳುತ್ತಿದ್ದರು. ದೀಕ್ಷಾಸ್ನಾನವಾಗಿ ನಾಲ್ಕು ತಿಂಗಳಾಗಿತ್ತು, ಬಾಟಲಿಯನ್ನು ನೋಡಿದರೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ, ಆದರೆ ಲೇಸಿಗೆ ಬೆರಳು ತಾಗಿದರೆ ಸಾಕು, ಬಾಯಲ್ಲಿ ನೀರೂರಿ ಕೈ ನಡುಗುತ್ತಿತ್ತು. ಇದು ನಂಬಿಕೆಯ ಕೊರತೆಯಿಂದ ಆದದ್ದಲ್ಲ. ಸಾವಿರಾರು ಸಂಜೆಗಳಲ್ಲಿ ಒಂದರ ಹಿಂದೆ ಒಂದರಂತೆ ಬಂದ ಎರಡು ಸಂಗತಿಗಳನ್ನು ಮಿದುಳು ಹೊಲಿದುಬಿಟ್ಟಿತ್ತು. ಡೋಪಮೈನ್ ಎಂಬ ರಾಸಾಯನಿಕ ಕುಡಿತಕ್ಕೆ ಮಾತ್ರವಲ್ಲ, ಕುಡಿತದ ಮುನ್ಸೂಚನೆಗೂ ಏಳುವಂತಾಗಿತ್ತು. ಅವರು ಇದನ್ನು ತಮ್ಮ ಸಭಾಪಾಲಕರಿಗೆ ಹೇಳಿದಾಗ ಆ ಹಿರಿಯರು ಉಪದೇಶ ಮಾಡಲಿಲ್ಲ. ದಿನವೂ ಸಂಜೆ ಅದೇ ಹೊತ್ತಿಗೆ ತಾವೇ ಫೋನ್ ಮಾಡಿ, ಅವರು ಸ್ಪೀಕರ್ ಹಾಕಿಕೊಂಡು ಲೇಸು ಬಿಚ್ಚಿ ಮುಗಿಸುವವರೆಗೆ ಒಂದು ಕೀರ್ತನೆಯನ್ನು ಓದುತ್ತಿದ್ದರು. ಮೂರು ನಾಲ್ಕು ನಿಮಿಷದ ಕೆಲಸ. ಮೊದಲ ನೂರು ದಿನಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ನಾನು ಕೊಟ್ಟ ಮಾತ್ರೆಯೂ ಆ ಫೋನೂ ಒಂದೇ ರೋಗಕ್ಕೆ ಎರಡು ಕಡೆಯಿಂದ ಸಿಕ್ಕ ಮದ್ದು ಎಂದು ನಾನು ಇಂದಿಗೂ ಎಣಿಸುತ್ತೇನೆ.

ನಂಬಿಕೆ ಮತ್ತು ಆಸ್ಪತ್ರೆ ಒಂದೇ ಸೂರಿನಡಿ ಇರಬಲ್ಲವು ಎಂಬುದಕ್ಕೆ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ ಕಥೆಗಿಂತ ಒಳ್ಳೆಯ ಸಾಕ್ಷ್ಯ ನನಗೆ ಗೊತ್ತಿಲ್ಲ. ಅದರ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ತಮ್ಮ ಜೀವನವನ್ನೇ ಬದಲಿಸಿದ ಆಧ್ಯಾತ್ಮಿಕ ಅನುಭವವನ್ನು ಪಡೆದದ್ದು ಯಾವುದೇ ಚರ್ಚಿನಲ್ಲಲ್ಲ. 1934ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರ ಹಾಸಿಗೆಯಲ್ಲಿ, ಕುಡಿತ ಬಿಡಿಸುವ ಚಿಕಿತ್ಸೆ ನಡೆಯುತ್ತಿದ್ದಾಗ. ಇನ್ನೊಬ್ಬ ಸ್ಥಾಪಕರಾದ ಡಾ. ಬಾಬ್ ಸ್ಮಿತ್ ಅಮೆರಿಕದ ಆಕ್ರನ್ ಪಟ್ಟಣದ ಶಸ್ತ್ರಚಿಕಿತ್ಸಕರು. ಅವರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಕೂಟಗಳಿಗೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಹೋಗುತ್ತಾ, ಸತ್ಯವೇದವನ್ನು ಓದುತ್ತಾ, ಪ್ರಾರ್ಥಿಸುತ್ತಾ ಇದ್ದರೂ ಕುಡಿತ ನಿಂತಿರಲಿಲ್ಲ. 1935ರ ಮೇ ತಿಂಗಳಲ್ಲಿ ವಿಲ್ಸನ್ ಅವರನ್ನು ಭೇಟಿಯಾಗಿ, ತನ್ನಂತೆಯೇ ನರಳಿದ ಒಬ್ಬ ಮನುಷ್ಯನ ಬಾಯಿಂದ ತನ್ನದೇ ಕಥೆಯನ್ನು ಕೇಳಿದ ಮೇಲೆ ದಾರಿ ತೆರೆಯಿತು. ಆಗಲೂ ಒಂದು ಸಲ, ವೈದ್ಯರ ಸಮ್ಮೇಳನಕ್ಕೆ ಹೋದಾಗ, ಅವರು ಮತ್ತೆ ಕುಡಿದರು. ಅವರ ಕೊನೆಯ ಗುಟುಕು 1935ರ ಜೂನ್ 10ರಂದು ಎಂದು ಆಲ್ಕೋಹಾಲಿಕ್ಸ್ ಅನಾನಿಮಸ್ ಇಂದಿಗೂ ಎಣಿಸುತ್ತದೆ, ಅಂದರೆ ಜಗತ್ತಿನ ಲಕ್ಷಾಂತರ ಜನರಿಗೆ ನೆರವಾದ ಆ ಚಳವಳಿಯ ಆರಂಭದ ದಿನ ಒಬ್ಬ ವಿಶ್ವಾಸಿ ಎಡವಿ ಬಿದ್ದು ಮತ್ತೆ ಎದ್ದ ದಿನ. ನಿಮ್ಮ ತಮ್ಮನಿಗೆ ಈ ಕಥೆಯನ್ನು ಹೇಳಿ.

ಆಲ್ಕೋಹಾಲಿಕ್ಸ್ ಅನಾನಿಮಸ್ ಬಳಗವು ಚೇತರಿಕೆಗಾಗಿ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳು ಯೇಸುವಿನ ಹೆಸರನ್ನು ಹೇಳುವುದಿಲ್ಲ, ದೇವರನ್ನು ಅವರವರು ಅರಿತಂತೆ ಎಂದಷ್ಟೇ ಹೇಳುತ್ತವೆ. ಇದರಿಂದಾಗಿ ಕೆಲವು ವಿಶ್ವಾಸಿಗಳು ಹಿಂಜರಿಯುತ್ತಾರೆ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ, ಆದರೆ ಆ ಹೆಜ್ಜೆಗಳ ಬೇರು ಕ್ರೈಸ್ತ ನೆಲದಲ್ಲಿಯೇ ಇದೆ: ತನ್ನ ತಪ್ಪುಗಳನ್ನು ದೇವರಿಗೂ ತನಗೂ ಇನ್ನೊಬ್ಬ ಮನುಷ್ಯನಿಗೂ ಅರಿಕೆ ಮಾಡಬೇಕೆನ್ನುವ ಐದನೆಯ ಹೆಜ್ಜೆಯು ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿರಿ ಎಂಬ ಯಾಕೋಬನ ಮಾತನ್ನು ನೆನಪಿಸುತ್ತದೆ. ಯೇಸುವಿನ ಹೆಸರಿನಲ್ಲಿಯೇ ನಡೆಯುವ ಗುಂಪು ಬೇಕೆನ್ನುವವರಿಗೆ 1991ರಲ್ಲಿ ಆರಂಭವಾದ ಸೆಲೆಬ್ರೇಟ್ ರಿಕವರಿಯಂಥ ಕಾರ್ಯಕ್ರಮಗಳಿವೆ. ಸಾಕ್ಷ್ಯಾಧಾರದ ವಿಷಯಕ್ಕೆ ಬಂದರೆ, ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆಯು 27 ಅಧ್ಯಯನಗಳ 10,565 ಮಂದಿಯ ಮಾಹಿತಿಯನ್ನು ನೋಡಿ, ಈ ಬಳಗಕ್ಕೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆಯು ಪೂರ್ತಿ ಕುಡಿಯದೇ ಇರುವ ವಿಷಯದಲ್ಲಿ ಇತರ ಮಾನ್ಯ ಮನೋಚಿಕಿತ್ಸೆಗಳಿಗೆ ಸಮ ಅಥವಾ ಅವುಗಳಿಗಿಂತ ಮೇಲು ಎಂದು ಕಂಡುಕೊಂಡಿತು. ಇದನ್ನು ಪ್ರಾರ್ಥನೆಯ ಪ್ರಯೋಗಶಾಲಾ ಪುರಾವೆ ಎಂದು ಯಾರೂ ಹಿಗ್ಗಿಸಿ ಹೇಳಬಾರದು. ಮುಖಾಮುಖಿ ಕೂರುವ ಸಂಗಾತಿಗಳು, ಸುಳ್ಳಿಲ್ಲದ ಮಾತು, ಮರಳಿ ಬರಲು ತೆರೆದ ಬಾಗಿಲು, ಇವು ಕೆಲಸ ಮಾಡುತ್ತವೆ ಎಂಬುದಂತೂ ಅದರಿಂದ ಸ್ಪಷ್ಟ. ಒಂದು ಒಳ್ಳೆಯ ಸಭೆ ಇವೆಲ್ಲವನ್ನೂ ಕೊಡಬಲ್ಲದು.

ಕುಡಿತ ಪಾಪವೋ ರೋಗವೋ ಎಂಬ ಪ್ರಶ್ನೆಯನ್ನು ನಿಮ್ಮ ಮನೆಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಸತ್ಯವೇದ ಕುಡಿಕತನವನ್ನು ಪಾಪವೆಂದು ಎಚ್ಚರಿಸುತ್ತದೆ, ವೈದ್ಯಶಾಸ್ತ್ರ ಮದ್ಯಾವಲಂಬನೆಯನ್ನು ರೋಗವೆಂದು ಗುರುತಿಸುತ್ತದೆ, ಮತ್ತು ನನ್ನ ಅನುಭವದಲ್ಲಿ ಎರಡೂ ಮಾತುಗಳು ಒಂದೇ ಮನುಷ್ಯನಲ್ಲಿ ನಿಜವಾಗಿರಬಲ್ಲವು. ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡಲಾರೆನು, ಬೇಡವೆಂದಿರುವ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ರೋಮಾಪುರದವರಿಗೆ ಬರೆದ ಪೌಲನು ಇಚ್ಛೆಗೂ ಕ್ರಿಯೆಗೂ ನಡುವೆ ಬೀಳುವ ಆ ಬಿರುಕನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳಿದ್ದಾನೆ. ರೋಗವೆಂದು ಒಪ್ಪಿದರೆ ಹೊಣೆಯಿಂದ ತಪ್ಪಿಸಿಕೊಂಡಂತೆ ಎಂದು ಹೆದರಬೇಡಿ. ಚಿಕಿತ್ಸೆಗೆ ಹೋಗುವುದೇ ರೋಗಿಯ ಮೊದಲ ಹೊಣೆ.

ಮತ್ತೆ ಕುಡಿದದ್ದು ಏಕೆ ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಕೆಲಸ ಹೋಯಿತು, ಬೆಳಗಿನಿಂದ ಸಂಜೆಯವರೆಗಿನ ಹೊತ್ತು ಖಾಲಿಯಾಯಿತು, ಅವಮಾನ, ನಿದ್ದೆಗೇಡು ಸೇರಿಕೊಂಡವು. ಬಿಟ್ಟುಹೋದ ದುರಾತ್ಮವು ತಿರುಗಿ ಬಂದು ಆ ಮನೆ ಗುಡಿಸಿ ಅಲಂಕರಿಸಿ ಬರಿದಾಗಿರುವುದನ್ನು ಕಂಡು, ತನಗಿಂತ ಕೆಟ್ಟ ಏಳನ್ನು ಕರೆತಂದಿತು ಎಂಬ ಸಾಮ್ಯ ಮತ್ತಾಯನ ಸುವಾರ್ತೆಯಲ್ಲಿದೆ. ಅಲ್ಲಿ ತೊಂದರೆಯಾದದ್ದು ಮನೆ ಕೊಳಕಾಗಿದ್ದುದರಿಂದಲ್ಲ, ಖಾಲಿಯಾಗಿದ್ದುದರಿಂದ. ಬಿಟ್ಟ ಮೇಲಿನ ಆರು ತಿಂಗಳಲ್ಲಿ ತಮ್ಮನ ಬಳಿ ಏನಿತ್ತು ಎಂದು ಯೋಚಿಸಿ: ವಾರಕ್ಕೊಂದು ಆರಾಧನೆ, ಆಗಾಗ ವೇದಿಕೆಯ ಮೇಲೆ ಸಾಕ್ಷಿ. ಮಧ್ಯದ ಆರು ದಿನಗಳಲ್ಲಿ ಆಸೆ ಬಂದಾಗ ಯಾರಿಗೆ ಹೇಳುತ್ತಿದ್ದರು? ನೀವು ಬರೆದಿಲ್ಲ, ಬಹುಶಃ ಯಾರಿಗೂ ಹೇಳುತ್ತಿರಲಿಲ್ಲ. ಐಗುಪ್ತದಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ಯರು ಅರಣ್ಯದಲ್ಲಿ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರು, ಅಲ್ಲಿ ಬೆನ್ನ ಮೇಲೆ ಬಿದ್ದ ಏಟುಗಳು ಅವರಿಗೆ ನೆನಪಾಗಲಿಲ್ಲ. ಆಸೆಯ ನೆನಪು ಹೀಗೆಯೇ ಕೆಲಸ ಮಾಡುತ್ತದೆ, ಅದು ಬಂದ ಮಾತ್ರಕ್ಕೆ ಯಾರೂ ಐಗುಪ್ತಕ್ಕೆ ಮರಳಿದಂತಾಗುವುದಿಲ್ಲ. ಆದರೆ ‘ನನಗೀಗ ಆಸೆಯೇ ಬರುವುದಿಲ್ಲ’ ಎಂದು ಎಲ್ಲರೆದುರು ಹೇಳಿಬಿಟ್ಟವನಿಗೆ ಆಸೆ ಬಂದಾಗ ಬಾಯಿ ಬಿಡುವ ದಾರಿ ಮುಚ್ಚಿಹೋಗುತ್ತದೆ.

ಈ ಕಾರಣದಿಂದಲೇ ಬಿಟ್ಟ ಮೊದಲ ವರ್ಷದಲ್ಲಿ ಯಾರನ್ನೂ ವೇದಿಕೆಗೆ ಹತ್ತಿಸಬೇಡಿ ಎಂದು ನಾನು ಸಭಾಪಾಲಕರನ್ನು ಬೇಡಿಕೊಳ್ಳುತ್ತೇನೆ. ಸಾಕ್ಷಿ ಒಳ್ಳೆಯದು. ಆದರೆ ಹಸಿ ಗಾಯದ ಸಾಕ್ಷಿ ಹೇಳಿದವನು ಮತ್ತೆ ಬಿದ್ದಾಗ ಮೊದಲು ಬಿಡುವುದು ಸಭೆಯನ್ನು, ಅಂದರೆ ತನಗೆ ಅತ್ಯಂತ ಅಗತ್ಯವಾದ ಜಾಗವನ್ನೇ. ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ 1884ರಲ್ಲಿ, 28ನೆಯ ವಯಸ್ಸಿನಲ್ಲಿ, ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದು ಮೊದಲಿಗೆ ಮೂರು ತಿಂಗಳಿಗೆ ಮಾತ್ರ. ಆಮೇಲೆ ಆರು ತಿಂಗಳಿಗೆ, ಆಮೇಲೆ ಜೀವನಪೂರ್ತಿಗೆ. 1925ರಲ್ಲಿ ಸಾಯುವವರೆಗೂ ಅವರು ಆ ಪ್ರತಿಜ್ಞೆಯನ್ನು ಉಳಿಸಿಕೊಂಡರು. ಕುಡಿತದ ಹೊತ್ತಿಗೆ ಚರ್ಚಿಗೆ ಹೋಗಿ ಕೂರುವುದು, ಹಳೆಯ ಸಾಲಗಳನ್ನು ಒಂದೊಂದಾಗಿ ತೀರಿಸುವುದು, ಇಂಥ ಸಣ್ಣ ಸಣ್ಣ ಕೆಲಸಗಳಿಂದಲೇ ಅವರ ದಿನಗಳು ತುಂಬಿಕೊಂಡವು.

ಮಾತ್ರೆಗಳ ವಿಷಯ. ಮೊದಲ ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊಡುವ ಡಯಾಜೆಪಾಮ್, ಲೋರಾಜೆಪಾಮ್‌ನಂಥ ಔಷಧಿಗಳು ಫಿಟ್ಸ್ ಮತ್ತು ಡೆಲಿರಿಯಂ ಅನ್ನು ತಡೆಯಲು. ಅವೂ ಚಟವಾಗಬಲ್ಲವಾದ್ದರಿಂದ ಕೆಲವೇ ದಿನಗಳಲ್ಲಿ ತಗ್ಗಿಸಿ ನಿಲ್ಲಿಸುತ್ತೇವೆ. ಆಮೇಲಿನ ತಿಂಗಳುಗಳಿಗೆ ಬೇರೆ ಔಷಧಿಗಳಿವೆ. ನಾಲ್ಟ್ರೆಕ್ಸೋನ್ ಕುಡಿತದಿಂದ ಸಿಗುವ ಸುಖವನ್ನು ಮಂಕಾಗಿಸುತ್ತದೆ, ಅಕಾಂಪ್ರೊಸೇಟ್ ಬಿಟ್ಟ ಮೇಲಿನ ತಳಮಳವನ್ನು ಕಡಿಮೆ ಮಾಡುತ್ತದೆ. ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ನೋಡಿ ಯಾವುದು ತಕ್ಕದ್ದೆಂದು ವೈದ್ಯರು ನಿರ್ಧರಿಸುತ್ತಾರೆ. ಇವು ನಂಬಿಕೆಯ ಜಾಗಕ್ಕೆ ಬರುವುದಿಲ್ಲ. ಆಸೆಯ ಗದ್ದಲವನ್ನು ಸ್ವಲ್ಪ ತಗ್ಗಿಸಿ, ಮನುಷ್ಯನಿಗೆ ಪ್ರಾರ್ಥಿಸಲು, ಯೋಚಿಸಲು, ಕೆಲಸ ಹುಡುಕಲು ಬೇಕಾದ ನೆಮ್ಮದಿಯನ್ನು ಕೊಡುತ್ತವೆ. ಪವಿತ್ರಾತ್ಮನ ಫಲಗಳಲ್ಲಿ ಶಮೆದಮೆಯೂ, ಅಂದರೆ ಆತ್ಮಸಂಯಮವೂ, ಒಂದು ಎಂದು ನಂಬುವ ನಾನು, ಆ ಫಲ ಮಾಗುವವರೆಗೆ ಗಿಡಕ್ಕೆ ಊರುಗೋಲು ಕೊಡುವುದರಲ್ಲಿ ತಪ್ಪೇನೂ ಕಾಣುವುದಿಲ್ಲ.

ನಿಮ್ಮ ತಾಯಿಯವರಿಗೆ ಯಾರೋ ಹೇಳಿರುವ ಮಾತ್ರೆ ಬಹುಮಟ್ಟಿಗೆ ಡೈಸಲ್ಫಿರಾಮ್ ಆಗಿರಬೇಕು. ಅದನ್ನು ತೆಗೆದುಕೊಂಡವರು ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ದೇಹದಲ್ಲಿ ಶೇಖರವಾಗಿ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಬಡಿತ ಏರಿ ರಕ್ತದೊತ್ತಡ ಕುಸಿಯುತ್ತದೆ. ಹೃದಯ ಅಥವಾ ಯಕೃತ್ತಿನ ತೊಂದರೆ ಇದ್ದವರಿಗೆ ಇದು ಮಾರಕವಾಗಬಹುದು, ಮತ್ತು ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಈ ಪರಿಣಾಮ ಉಳಿಯಬಹುದು. ಎಲ್ಲವನ್ನೂ ತಿಳಿದು, ಒಪ್ಪಿ, ಕುಡಿತ ಬಿಟ್ಟ ಮೇಲೆ ತೆಗೆದುಕೊಳ್ಳುವವರಿಗೆ ಇದು ಉಪಯುಕ್ತವಾದ ಔಷಧಿ. ದಿನವೂ ಕುಡಿಯುತ್ತಿರುವವನ ಊಟದಲ್ಲಿ ಗುಟ್ಟಾಗಿ ಕಲಸಿದರೆ ಅದು ವಿಷ. ತಾಯಿಯವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಇದನ್ನು ಖಂಡಿತ ಮಾಡಬಾರದು. ಜೀವಕ್ಕಿರುವ ಅಪಾಯದ ಜೊತೆಗೆ, ಒಂದು ದಿನ ಮಗನಿಗೆ ಇದು ಗೊತ್ತಾದರೆ ಅಮ್ಮ ಬಡಿಸಿದ ಊಟವನ್ನೂ ಅವರು ನಂಬಲಾರರು. ತಾಯಿಯವರು ಮಾಡಬಹುದಾದದ್ದು ಬೇರೆ ಇದೆ. ಕೈಗೆ ಹಣ ಕೊಡದಿರುವುದು, ಕುಡಿತದ ಸಾಲವನ್ನು ತಾವು ತೀರಿಸದಿರುವುದು, ಕುಡಿದು ಮಲಗಿದ್ದಾಗ ಹುಷಾರಿಲ್ಲ ಎಂದು ಪರರಿಗೆ ಸುಳ್ಳು ಹೇಳದಿರುವುದು, ಆದರೆ ಊಟಕ್ಕೆ ಕರೆಯುವುದನ್ನು, ಮಾತನಾಡಿಸುವುದನ್ನು ನಿಲ್ಲಿಸದಿರುವುದು. ಯೇಸು ಹೇಳಿದ ಸಾಮ್ಯದಲ್ಲಿ ತಪ್ಪಿಹೋದ ಮಗನ ತಂದೆ ದೂರದೇಶಕ್ಕೆ ಹಣ ಕಳುಹಿಸಲಿಲ್ಲ, ಆದರೆ ಮಗ ಇನ್ನೂ ದೂರದಲ್ಲಿರುವಾಗಲೇ ಅವನನ್ನು ಗುರುತಿಸಿ ಓಡಿಹೋದ.

ಪುನರ್ವಸತಿ ಮನೆಯನ್ನು ನಾನು ಬೇಡವೆನ್ನುವುದಿಲ್ಲ. ಮನೆಯ ವಾತಾವರಣದಲ್ಲಿ ಬಿಡಲಾಗದ ಕೆಲವರಿಗೆ ಪ್ರಾರ್ಥನೆ, ಕೆಲಸ, ನಿದ್ದೆಗಳ ಕಟ್ಟುನಿಟ್ಟಾದ ದಿನಚರಿ ಹೊಸ ಜೀವ ಕೊಟ್ಟಿದೆ. ಆದರೆ ಒಪ್ಪುವ ಮೊದಲು ನೀವೇ ಹೋಗಿ ನೋಡಿ, ಮುಚ್ಚುಮರೆ ಇಲ್ಲದೆ ಕೇಳಿ. ಮೊದಲ ವಾರದ ವಿತ್‌ಡ್ರಾವಲ್ ಅನ್ನು ಯಾವ ವೈದ್ಯರು ನೋಡಿಕೊಳ್ಳುತ್ತಾರೆ? ವೈದ್ಯರು ಬರೆದ ಔಷಧಿಗಳನ್ನು ಅಲ್ಲಿ ಕಿತ್ತುಕೊಳ್ಳುತ್ತಾರೆಯೇ? ಬಿಟ್ಟು ಹೊರಡಬೇಕೆನ್ನುವವನಿಗೆ ಹೊರಡುವ ಸ್ವಾತಂತ್ರ್ಯವಿದೆಯೇ, ಮನೆಯವರು ಯಾವಾಗ ಬೇಕಾದರೂ ಫೋನ್ ಮಾಡಬಹುದೇ? ಕೂಡಿಹಾಕುವುದು, ಹೊಡೆಯುವುದು, ಸಂಬಳವಿಲ್ಲದೆ ದುಡಿಸಿಕೊಳ್ಳುವುದು ಇದೆಯೆಂದು ಸುಳಿವು ಸಿಕ್ಕರೂ ಅಲ್ಲಿಂದ ಹಿಂದಿರುಗಿ. ನೂರಕ್ಕೆ ನೂರು ವಾಸಿಯಾಗುತ್ತದೆ ಎನ್ನುವ ಜಾಗವನ್ನು ನಾನು ನಂಬುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ವರ್ಷ ಮುಗಿದು ಮನೆಗೆ ಬಂದ ಮೇಲೆ ಏನು ಎಂದು ಕೇಳಿ, ಏಕೆಂದರೆ ಹೆಚ್ಚಿನವರು ಎಡವುವುದು ಆ ಬಾಗಿಲ ಹೊರಗೆ. ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕಗಳನ್ನು ಬಳಸುತ್ತಿದ್ದವರಲ್ಲಿ ಇದು ಇನ್ನೂ ಅಪಾಯಕಾರಿ: ತಿಂಗಳುಗಟ್ಟಲೆ ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣವನ್ನೇ ಒಂದು ಸಲ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ನಿಮ್ಮ ತಮ್ಮನ ವ್ಯಸನ ಮದ್ಯ ಒಂದೇ ಎಂದು ನೀವು ಬರೆದಿದ್ದೀರಿ ಎಂದುಕೊಂಡಿದ್ದೇನೆ. ಬೇರೇನಾದರೂ ಇದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ನೀವು ಕೇಳದಿದ್ದರೂ ಒಂದು ಸಣ್ಣ ವಿಷಯವನ್ನು ಸೇರಿಸುತ್ತೇನೆ. ತಮ್ಮ ಮತ್ತೆ ಕರ್ತನ ಭೋಜನಕ್ಕೆ ಬರುವ ದಿನ ಪಾತ್ರೆಯಲ್ಲಿ ಏನಿರುತ್ತದೆ ಎಂದು ಮೊದಲೇ ವಿಚಾರಿಸಿ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿರುವವರಿಗೆ ಹುದುಗಿದ ದ್ರಾಕ್ಷಾರಸದ ಒಂದು ಗುಟುಕೂ ತೊಂದರೆ ಕೊಡಬಹುದು, ಮಾತ್ರೆ ಇಲ್ಲದವರಲ್ಲಿಯೂ ಆ ರುಚಿ ಹಳೆಯ ಆಸೆಯನ್ನು ಎಬ್ಬಿಸಬಹುದು. ಅನೇಕ ಸಭೆಗಳು ಹುದುಗದ ದ್ರಾಕ್ಷಿ ರಸವನ್ನು ಬಳಸುತ್ತವೆ. 1869ರಲ್ಲಿ ಥಾಮಸ್ ವೆಲ್ಚ್ ದ್ರಾಕ್ಷಿ ರಸವನ್ನು ಹುದುಗದಂತೆ ಕಾಯಿಸಿ ಇಡುವ ವಿಧಾನವನ್ನು ರೂಪಿಸಿದ್ದೇ ಕರ್ತನ ಮೇಜಿಗಾಗಿ. ಕಥೋಲಿಕ ಸಭೆಯಲ್ಲಿ ರೊಟ್ಟಿಯೊಂದನ್ನೇ ಸ್ವೀಕರಿಸಿದರೂ ಪ್ರಸಾದ ಪೂರ್ಣವೆಂದೇ ಬೋಧನೆ. ಮೊದಲೇ ಮಾತನಾಡಿಟ್ಟರೆ ಎಲ್ಲರೆದುರು ಪಾತ್ರೆಯನ್ನು ನಿರಾಕರಿಸಬೇಕಾದ ಮುಜುಗರ ಅವರಿಗೆ ತಪ್ಪುತ್ತದೆ.

ಈ ವಾರ ಮಾಡಬೇಕಾದದ್ದು ಇಷ್ಟು. ಅವರು ಕುಡಿಯದೆ ಇರುವ, ಅಥವಾ ಕಡಿಮೆ ಕುಡಿದಿರುವ ಹೊತ್ತನ್ನು ನೋಡಿ, ಬಹುಶಃ ಬೆಳಗ್ಗೆ, ಪಕ್ಕದಲ್ಲಿ ಕೂತು ಮಾತನಾಡಿ. ಎಲ್ಲರೆದುರು ಸುಳ್ಳು ಹೇಳಿದೆ ಎಂದು ಅವರು ಮತ್ತೆ ಹೇಳಿದರೆ, ಆರು ತಿಂಗಳು ಕುಡಿಯದೆ ಇದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಅದು ಸುಳ್ಳಲ್ಲ ಎಂದು ಹೇಳಿ. ವಾದ ಬೇಡ, ಹೊಸ ಪ್ರತಿಜ್ಞೆಯೂ ಬೇಡ. ಆಸ್ಪತ್ರೆಗೆ ಬರುವೆಯಾ ಎಂದು ಮಾತ್ರ ಕೇಳಿ. ಒಪ್ಪಿದರೆ ಅಂದೇ ಹೊರಡಿ. ಒಪ್ಪದಿದ್ದರೆ ಎರಡು ದಿನ ಬಿಟ್ಟು ಮತ್ತೆ ಕೇಳಿ, ಅಷ್ಟರೊಳಗೆ ಅವರೇ ಕುಡಿತ ನಿಲ್ಲಿಸಿ ಫಿಟ್ಸ್, ಜ್ವರ, ಗೊಂದಲ, ಇಲ್ಲದ್ದು ಕಾಣುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಯಾರ ಒಪ್ಪಿಗೆಗೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಒಂದು ಚೀಟಿಯಲ್ಲಿ ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯ ಗುಟುಕು ಯಾವಾಗ, ಏಳು ತಿಂಗಳ ಹಿಂದಿನ ಆ ರಾತ್ರಿ ಏನಾಯಿತು, ಎಷ್ಟು ದಿನಗಳಿಂದ ಸರಿಯಾಗಿ ಊಟ ಮಾಡಿಲ್ಲ ಎಂಬುದನ್ನು ಬರೆದುಕೊಂಡು ಹೋಗಿ. ಸೇರಿಸಿಕೊಳ್ಳುವ ವೈದ್ಯರಿಗೆ ಬೇರೆ ಯಾವುದಕ್ಕಿಂತಲೂ ಆ ಚೀಟಿ ಮುಖ್ಯ. ಉಪವಾಸ ಪ್ರಾರ್ಥನೆಗೆ ಕರೆಯುತ್ತಿರುವ ಆ ಹಿರಿಯರನ್ನೂ ಜೊತೆಗೆ ಕರೆಯಿರಿ. ಅವರು ಉಪವಾಸವಿದ್ದು ವಾರ್ಡಿನ ಹೊರಗೆ ಪ್ರಾರ್ಥಿಸುವುದಾದರೆ ಯಾವ ವೈದ್ಯರೂ ಬೇಡವೆನ್ನುವುದಿಲ್ಲ. ತಮ್ಮ ಮಾತ್ರ ಹೊತ್ತು ಹೊತ್ತಿಗೆ ಊಟ ಮಾಡಲಿ.